ಉಸಿರು ಎಣಿಸಿದ ಹುಡುಗಿ

ಅಕ್ಕತಂಗಿಯರೇ, ಈ ಸಲ ಒಲೆಯ ಮುಂದಿನಿಂದ ಸ್ವಲ್ಪ ಈಚೆ ಬರೋಣ. ನಮ್ಮ ಎದುರುಮನೆಯ ಹುಡುಗಿ ಎ.ಎನ್.ಎಂ. ಓದುತ್ತಿದ್ದಾಳೆ. ಎರಡು ವರ್ಷದ ಕೋರ್ಸು. ಸೂಜಿ ಚುಚ್ಚೋದು, ಗಾಯ ಕಟ್ಟೋದು ಕಲಿಸ್ತಾರೆ, ಅಷ್ಟೇ ಅಂದುಕೊಂಡಿದ್ದೆ ನಾನು. ಮನೆಮನೆಗೆ ಹೋಗಿ ಮಕ್ಕಳನ್ನು ನೋಡುವುದೂ ಪಾಠವೇ ಅಂತೆ.

ಕಳೆದ ತಿಂಗಳು ನನ್ನ ಅಕ್ಕನ ಮಗಳು ಎಂಟು ತಿಂಗಳ ಕೂಸಿನೊಂದಿಗೆ ಬಂದಿದ್ದಳು. ಕೂಸಿಗೆ ನೆಗಡಿ, ಕೆಮ್ಮು. ನಾನು ದೊಡ್ಡಪತ್ರೆ ಎಲೆ ಬಾಡಿಸುತ್ತಿದ್ದಾಗ ಈ ಹುಡುಗಿ ಬಂದು, "ಆಂಟಿ, ಪಾಪುವಿನ ಉಸಿರು ಎಣಿಸಲಾ?" ಎಂದಳು. "ಮೊದಲು ನಿನಗೊಂದು ಮದುವೆಯಾಗಲಿ, ಆಮೇಲೆ ಮಕ್ಕಳ ವಿಷಯ ಹೇಳುವಿಯಂತೆ" ಅಂದುಬಿಟ್ಟೆ. ಮುಖ ಸಣ್ಣದಾಯಿತು ಅವಳಿಗೆ. ಆದರೂ ಹೋಗಲಿಲ್ಲ.

ಅಳುವ ಮಗುವಿನ ಉಸಿರು ಎಣಿಸಬಾರದಂತೆ. ಸುಮ್ಮನಾಗುವವರೆಗೆ ಕಾದು, ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದಳು. 56. ಮತ್ತೊಮ್ಮೆ ಎಣಿಸಿದಾಗ 54. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚಾದರೆ ಅದು ವೇಗದ ಉಸಿರು. ಎರಡು ತಿಂಗಳೊಳಗೆ 60, ವರ್ಷ ತುಂಬಿದ ಮೇಲೆ ಐದು ವರ್ಷದವರೆಗೆ 40. ಉಸಿರೆಳೆದಾಗ ಪಕ್ಕೆಯ ಕೆಳಗೆ ಎದೆ ಒಳಕ್ಕೆ ಹೋಗುತ್ತದೆಯೇ ಅಂತಲೂ ನೋಡಿದಳು. ಪುಣ್ಯಕ್ಕೆ ಇರಲಿಲ್ಲ. "ನಾಳೆಗೆ ಅಂತ ಕಾಯಬೇಡಿ, ಇವತ್ತೇ ತೋರಿಸಿ" ಎಂದಳು.

ಡಾಕ್ಟರು ನ್ಯುಮೋನಿಯ ಶುರುವಾಗಿದೆ ಅಂದರು. ಐದು ದಿನ ಔಷಧಿ ಕೊಟ್ಟೆವು. ಕೂಸು ಈಗ ನನ್ನ ಪಾತ್ರೆಗಳನ್ನೆಲ್ಲ ಎಳೆದು ಹಾಕುವಷ್ಟು ಗಟ್ಟಿಯಾಗಿದೆ. ನಾನು ಮಾತ್ರ ಆ ದಿನ ಅವಳನ್ನು ಬಾಗಿಲಿಂದಲೇ ಕಳಿಸಿದ್ದರೆ ಅಂತ ರಾತ್ರಿ ಎದ್ದು ಕೂರುತ್ತೇನೆ.

ಈ ಪದ್ಧತಿಯನ್ನು 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸಿದ್ಧಪಡಿಸಿದ್ದವು. ನಮ್ಮ ದೇಶ ಅದಕ್ಕೆ ಹಸುಗೂಸುಗಳ ಆರೈಕೆಯನ್ನೂ ಸೇರಿಸಿಕೊಂಡಿತು. ಎಣಿಸೋದು ಬೇಗ ಬರುತ್ತದಂತೆ, ನಮ್ಮಂಥವರ ಜೊತೆ ಮಾತಾಡೋದೇ ಕಷ್ಟವಂತೆ! ಮೊದಲು ಕೇಳಬೇಕು, ತಾಯಿ ಸರಿಯಾಗಿ ಮಾಡಿದ್ದನ್ನು ಮೆಚ್ಚಬೇಕು, ಆಮೇಲೆ ಸಲಹೆ. ಕೊನೆಗೆ, "ಓ.ಆರ್.ಎಸ್. ಹೇಗೆ ಕಲಸ್ತೀರಿ, ಹೇಳಿ ನೋಡೋಣ" ಎಂದು ಅವಳ ಬಾಯಿಂದಲೇ ಹೇಳಿಸಬೇಕು. ಒಂದು ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಸುರಿಯುವವರು ಇನ್ನೂ ಇದ್ದಾರಲ್ಲ.

ತರಗತಿಯಲ್ಲಿ ಒಬ್ಬಳು ಸೊಸೆ, ಒಬ್ಬಳು ಅತ್ತೆ, ಇನ್ನೊಬ್ಬಳು ನರ್ಸು ಆಗಿ ಅಭ್ಯಾಸ ಮಾಡ್ತಾರಂತೆ. ಅತ್ತೆಯ ಪಾತ್ರಕ್ಕೆ ಈಗ ನನ್ನ ಮದುವೆಯ ಮಾತನ್ನೇ ಬಳಸ್ತಾರಂತೆ, ನೋಡಿ ನನ್ನ ಕೀರ್ತಿ.

ಬರುವ ಗುರುವಾರ ಇನ್ನಿಬ್ಬರು ಗೆಳತಿಯರನ್ನು ಕರೆತರುತ್ತಾಳೆ. "ಟಿವಿ ಆರಿಸಿಡಿ ಆಂಟಿ, ಎಣಿಕೆ ತಪ್ಪುತ್ತೆ" ಅಂತ ಈಗಲೇ ಹೇಳಿಹೋಗಿದ್ದಾಳೆ.