ದಮ್ಮಿಗೂ ಒಂದು ಲೆಕ್ಕ ಇರಲಿ

ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವವರು ನಾವು. ಆದರೆ ಆಸ್ತಮಾ ಇರುವ ಮಗು ಕಳೆದ ವಾರ ಎಷ್ಟು ರಾತ್ರಿ ಕೆಮ್ಮಿ ಎದ್ದಿತು ಎಂದು ಡಾಕ್ಟರು ಕೇಳಿದರೆ, 'ಆಗಾಗ ಬರುತ್ತೆ ಸಾರ್' ಅಂದುಬಿಡುತ್ತೇವೆ. ಈ 'ಆಗಾಗ'ವನ್ನು ನಂಬಿ ಅವರು ಔಷಧಿ ಹೆಚ್ಚಿಸಬೇಕೋ, ಇಳಿಸಬೇಕೋ?

ಚಿತ್ರದುರ್ಗ, ಹಿರಿಯೂರಿನವರಿಗೆ ಹೆದ್ದಾರಿಯ ಹೊಗೆ, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಗಣಿ ಲಾರಿಗಳ ಧೂಳು. ಖಾಲಿ ಸೈಟಿನ ಕಾಂಗ್ರೆಸ್ ಗಿಡ, ಒಗ್ಗರಣೆ ಘಾಟು, ಸೊಳ್ಳೆ ಬತ್ತಿ ಬೇರೆ. ಯಾವುದು ಯಾರಿಗೆ ಆಗದು ಎಂಬುದು ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ.

ಇದಕ್ಕೆ ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಸಾಧನವಿದೆ. ಐದಾರು ವರ್ಷ ದಾಟಿದ ಮಕ್ಕಳೂ ಊದಬಹುದು. ಮುಳ್ಳನ್ನು ಸೊನ್ನೆಗೆ ತಂದು, ನಿಂತು, ಪೂರ್ತಿ ಉಸಿರೆಳೆದು, ತುಟಿ ಬಿಗಿ ಹಿಡಿದು ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ ಹೆಚ್ಚು ಬಂದದ್ದನ್ನು ಬರೆಯಿರಿ. ಆರೋಗ್ಯ ಚೆನ್ನಾಗಿದ್ದಾಗ ಎರಡು ವಾರ, ಬೆಳಿಗ್ಗೆ ಸಂಜೆ ಊದಿದರೆ ಅವರ ಅತ್ಯುತ್ತಮ ಅಂಕಿ ಸಿಗುತ್ತದೆ. ಅದು 300 ಎಂದಿಟ್ಟುಕೊಳ್ಳಿ. 240ಕ್ಕಿಂತ ಮೇಲಿದ್ದರೆ ಹಸಿರು, ಚಿಂತೆಯಿಲ್ಲ. 150ರಿಂದ 240 ಹಳದಿ. ಡಾಕ್ಟರು ಮೊದಲೇ ಬರೆದುಕೊಟ್ಟಂತೆ ಔಷಧಿ ಕೊಡಿ. 150ಕ್ಕಿಂತ ಕೆಳಗಿಳಿದರೆ ಕೆಂಪು. ತುರ್ತು ಪಂಪ್ ಕೊಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಮಾತಾಡಲೂ ಆಗದಿದ್ದರೆ, ಪಕ್ಕೆ ಒಳಗೆಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ ಮೀಟರ್ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಮೀಟರ್ ಇಲ್ಲವೇ? ಕ್ಯಾಲೆಂಡರೇ ಸಾಕು. ತುರ್ತು ಪಂಪ್ ಬಳಸಿದ ದಿನ, ನಿದ್ದೆಗೆಟ್ಟ ರಾತ್ರಿ ಗುರುತು ಹಾಕಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಪಂಪ್ ಬೇಕಾಯಿತೆಂದರೆ, ಉಬ್ಬಸಕ್ಕೆ ರಾತ್ರಿ ಎಚ್ಚರವಾಯಿತೆಂದರೆ ಹತೋಟಿ ತಪ್ಪುತ್ತಿದೆ ಎಂದರ್ಥ.

ಇನ್ನೊಂದು ಮಾತು. 'ಪಂಪ್ ಚಟ ಆಗುತ್ತೆ' ಎಂದು ನಾಲ್ಕು ದಿನ ಚೆನ್ನಾಗಿದ್ದ ಕೂಡಲೇ ನಿಲ್ಲಿಸುವವರು ಬಹಳ. ಅದು ಚಟವಲ್ಲ. ದಿನವೂ ತೆಗೆದುಕೊಳ್ಳುವ ಪಂಪ್ ಶ್ವಾಸನಾಳದ ಊತ ಇಳಿಸುತ್ತದೆ; ನಿಲ್ಲಿಸಿದರೆ ಊತ ಸದ್ದಿಲ್ಲದೆ ಮರಳುತ್ತದೆ. ಮೃಗಶಿರ ಮಳೆಗೆ ಹೈದರಾಬಾದಿನ ಮೀನಿನ ಔಷಧಿ ನುಂಗಿ ಬಂದವರೂ ಪಂಪ್ ಬಿಡಬಾರದು.

'ಹೆಣ್ಣುಮಗು, ನಾಳೆ ಮದುವೆ ಆಗಬೇಕು' ಎಂದು ಪಂಪನ್ನು ಬೀರುವಿನಲ್ಲಿ ಬಚ್ಚಿಡುವ ತಾಯಂದಿರೇ, ದಮ್ಮು ಬಂದ ರಾತ್ರಿ ಆ ಬೀಗದ ಕೈ ಹುಡುಕುವಷ್ಟು ಹೊತ್ತು ನಿಮ್ಮ ಮಗಳಿಗೆ ಇರುವುದಿಲ್ಲ. ಪಂಪ್ ಅವಳ ಕೈಗೆಟುಕುವಲ್ಲಿರಲಿ, ಲೆಕ್ಕ ನಿಮ್ಮ ಕಣ್ಣೆದುರಿಗಿರಲಿ. ಅಂದಹಾಗೆ, ಮನೆಮಂದಿಯ ಲೆಕ್ಕ ಬರೆಯುವಾಗ ನಿಮ್ಮ ಕೆಮ್ಮನ್ನೂ ಮರೆಯಬೇಡಿ!