ಆಪತ್ಕಾಲಕ್ಕೆ ಮನೆಯ ಸಿದ್ಧತೆ

ಉತ್ತರ ಕರ್ನಾಟಕದ ಹಳೆಯ ಮನೆಯು ಬರಗಾಲವನ್ನು ಕಂಡುಂಡವರು ಕಟ್ಟಿದ ಮನೆ. 1876-78ರ ಭೀಕರ ಕ್ಷಾಮದಂತಹ ದಿನಗಳನ್ನು ಕಂಡ ಈ ಸೀಮೆಯಲ್ಲಿ ನೆಲದೊಳಗೆ ಹಗೇವು ತೋಡಿ, ಹುಲ್ಲು ಹೊಟ್ಟು ಹಾಸಿ, ಜೋಳ ತುಂಬಿ ಬಾಯಿ ಮುಚ್ಚುವುದು ಗೃಹಸ್ಥಧರ್ಮವೇ ಆಗಿತ್ತು. ಮಳೆ ಕೈಕೊಟ್ಟ ವರ್ಷ ಆ ಹಗೇವು ಮನೆಯನ್ನಷ್ಟೇ ಅಲ್ಲ, ನೆರೆಯವರನ್ನೂ ಕಾಯುತ್ತಿತ್ತು. ಆದರೆ ನೀರು ಊರೊಳಗೆ ನುಗ್ಗಿದಾಗ ಮೊದಲು ಹಾಳಾಗುವುದೂ ಅದೇ ಹಗೇವು. ಬರಕ್ಕೆ ಸಿದ್ಧವಾಗಿದ್ದ ಮನೆ ನೆರೆಗೆ ಸಿದ್ಧವಾಗಿರಲಿಲ್ಲವೆಂಬ ಸಂಗತಿಯನ್ನು ಕಳೆದ ಕೆಲವು ದಶಕಗಳು ಕಠೋರವಾಗಿ ತಿಳಿಸಿವೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಯಲ್ಲಿ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಅಸುನೀಗಿದರು. ಅವರೆಲ್ಲ ಹೊಳೆಯಲ್ಲಿ ಕೊಚ್ಚಿಹೋದವರಲ್ಲ. ತಮ್ಮದೇ ಮನೆಯ ಗೋಡೆಯಡಿ ಸಿಕ್ಕವರು ಅನೇಕರು. ಬೇಸಿಗೆಯಲ್ಲಿ ತಂಪು ನೀಡುವ ಮಣ್ಣಿನ ಮಾಳಿಗೆ, ಎಡೆಬಿಡದೆ ಸುರಿದ ಮಳೆಯನ್ನು ಕುಡಿದು ಭಾರವಾಗಿ, ನೆನೆದ ಗೋಡೆಯನ್ನೂ ಎಳೆದುಕೊಂಡು ಕುಸಿಯಿತು. ಮುಂಗಾರಿಗೆ ಮುನ್ನ ಮಾಳಿಗೆಯ ಮಣ್ಣು ಹದಗೊಳಿಸಿ, ನೀರು ಹೋಗುವ ನಾಳಿಗೆಯನ್ನು ಬಿಡಿಸಿಡುವುದು ಹಿರಿಯರ ಕಾಲದಲ್ಲಿ ತಪ್ಪದ ಕೆಲಸವಾಗಿತ್ತು. ದುಡಿಯುವ ಮಕ್ಕಳು ಪಟ್ಟಣ ಸೇರಿ ಮುದುಕರಿಬ್ಬರೇ ಉಳಿದ ಮನೆಯಲ್ಲಿ ಮಾಳಿಗೆ ಹತ್ತುವವರು ಯಾರು? ಪಟ್ಟಣದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಜಾತ್ರೆಗೆ ಬಂದಾಗಲಾದರೂ ತಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ಕೇಳಿಕೊಳ್ಳಬೇಕು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಆದದ್ದೂ ಇದಕ್ಕೆ ದೂರದ ಮಾತಲ್ಲ. ಗಣಪತಿಯನ್ನು ಬೀಳ್ಕೊಟ್ಟು ಮಲಗಿದ್ದ ಜನರ ಮೇಲೆ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಉರುಳಿ ಸುಮಾರು 10,000 ಜೀವಗಳು ಹೋದವು. ಮರದ ಕಂಬ ತೊಲೆಗಳ ಆಧಾರವಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತಿತು. ಬೀದರ್, ಕಲಬುರಗಿ ಸೀಮೆಯ ಹಳೆಯ ಮನೆಗಳೂ ಅದೇ ಬಗೆಯವು.

2019ರ ಆಗಸ್ಟ್‌ನ ನೆರೆ ಬೇರೆ ತೆರನದು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ತುಂಬಿ ಜಲಾಶಯಗಳಿಂದ ನೀರು ಬಿಡಲಾಯಿತು. ಇಂತಹ ನೆರೆಗೆ ಮುನ್ನ ಡಂಗುರವೋ ದೂರವಾಣಿಯ ಕರೆಯೋ ಬರುತ್ತದೆ. ಕೆಲವು ಗಂಟೆಗಳ ಕಾಲಾವಕಾಶ ದೊರೆಯುತ್ತದೆ. ಆ ಗಂಟೆಗಳಲ್ಲಿ ಏನು ಮಾಡಬೇಕೆಂಬುದು ಮನೆಯವರಿಗೆ ಮೊದಲೇ ತಿಳಿದಿರಬೇಕು. ತಿಜೋರಿಯ ಕೀಲಿ ಯಜಮಾನನ ಉಡಿದಾರದಲ್ಲಿ, ಯಜಮಾನ ಸಂತೆಯಲ್ಲಿ ಎಂಬಂತಾದರೆ ಸಿದ್ಧತೆಯೆಂಬುದು ಹೆಸರಿಗಷ್ಟೇ.

ಕೇಡಿನ ಮಾತೆತ್ತಿದೊಡನೆ "ಬಿಡ್ತು ಅನ್ನು" ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಆಪತ್ತನ್ನು ನೆನೆದರೆ ಆಪತ್ತು ಬರುವುದೆಂಬ ಈ ಅಳುಕು ಹಗೇವು ತೋಡಿದವರಿಗೆ ಇರಲಿಲ್ಲವೆಂಬುದು ಗಮನಾರ್ಹ. ಆಪತ್ಕಾಲದ ಗಂಟು ಕಟ್ಟಿಡಲು ದೊಡ್ಡ ಖರ್ಚೂ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇವು ವಾರಗಟ್ಟಲೆ ಕೆಡದ ಆಹಾರ, ಮತ್ತು ಹೇಗೂ ಮನೆಯಲ್ಲಿರುವಂತಹವು. ಬ್ಯಾಟರಿ, ಬೆಂಕಿಪೆಟ್ಟಿಗೆ, ಹಿರಿಯರ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ಲಾಸ್ಟಿಕ್ ಚೀಲದಲ್ಲಿರಬೇಕು. ಪಹಣಿಯನ್ನು ಮತ್ತೆ ಪಡೆಯಬಹುದು. ಹಳೆಯ ಖರೀದಿ ಪತ್ರ, ಮಕ್ಕಳ ಅಂಕಪಟ್ಟಿ ತೊಯ್ದು ಮುದ್ದೆಯಾದರೆ ಕಚೇರಿಗಳಿಗೆ ಅಲೆಯುವುದು ತಪ್ಪದು. ಅವುಗಳ ನಕಲುಗಳನ್ನು ಎತ್ತರದ ಊರಿನ ಬೀಗರ ಮನೆಯಲ್ಲಿ ಇಟ್ಟಿರುವುದು ಜಾಣತನ. ಮನೆ ಬಿಡುವಾಗ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ನೆರೆಯ ನಂತರ ನೀರನ್ನು ಕುದಿಸಿಯೇ ಕುಡಿಯಬೇಕು. ವಾಂತಿ ಭೇದಿಯಾದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಸುವುದನ್ನು ಮನೆಯ ಚಿಕ್ಕವರೂ ಅರಿತಿರಬೇಕು.

ಇನ್ನು ಮಠಮಾನ್ಯಗಳ ವಿಷಯ. ನೆರೆ ಬಂದಾಗ ಮಠಗಳು ದಾಸೋಹಕ್ಕೆ ಮುಂದಾಗುವುದು, ಶಾಲೆಯ ಕೊಠಡಿಗಳು ಗಂಜಿ ಕೇಂದ್ರಗಳಾಗುವುದು ಈ ನಾಡಿನ ಹೆಮ್ಮೆ. ಆದರೆ ಜೀವಸಹಿತ ಬಂದು ತಲುಪಿದವರಿಗೆ ಮಾತ್ರ ದಾಸೋಹ ನಡೆದೀತು. ಅದಕ್ಕೆ ಹಿಂದಿನ ಗಂಟೆಗಳು ಮನೆಯವರವೇ. ಪರಿಹಾರ ನಿಧಿಗೆ ಹಣವಿತ್ತವರ ಪಟ್ಟಿಯನ್ನು ಸ್ಮರಣ ಸಂಚಿಕೆಗಳಲ್ಲಿ ಕಾಣುತ್ತೇವೆ; ವಿಧವೆಯೊಬ್ಬಳ ಮಾಳಿಗೆಯ ದುರಸ್ತಿಗೆ ಮಳೆಗಾಲಕ್ಕೆ ಮುನ್ನವೇ ಕೊಟ್ಟವರ ಪಟ್ಟಿ ಅಪರೂಪ. ಎರಡನೆಯದಕ್ಕೆ ತಗಲುವ ಹಣ ಕಡಿಮೆ, ಉಳಿಯುವುದು ಜೀವ. ದಾನಿಗಳು ಇದನ್ನೊಮ್ಮೆ ತೂಗಿ ನೋಡುವುದು ಯುಕ್ತ.

ಶಿಕ್ಷಕರು ರಜೆಗೆ ಊರಿಗೆ ಹೊರಟ ಮಕ್ಕಳಿಗೆ ಲೆಕ್ಕದ ಜೊತೆಗೆ ಇನ್ನೊಂದು ಅಭ್ಯಾಸ ಕೊಡಬಹುದು. ಅಜ್ಜಿಯ ಕೈಹಿಡಿದು ಮನೆಯಿಂದ ಊರ ದಿನ್ನೆಯವರೆಗೆ ನಡೆದು, ಎಷ್ಟು ನಿಮಿಷ ಹಿಡಿಯಿತೆಂದು ಬರೆದು ತರಲಿ. ಹೊರಡುವ ಹೊತ್ತಿಗೆ ಗೋದಲಿಯಲ್ಲಿನ ದನಗಳ ಕಣ್ಣಿ ಬಿಚ್ಚುವವರು ಯಾರೆಂಬುದನ್ನೂ ಮನೆಯಲ್ಲಿ ಕೇಳಿ ಬರಲಿ. ಕಟ್ಟಿದ ದನಕ್ಕೆ ಈಜು ಬಂದರೂ ಪ್ರಯೋಜನವಿಲ್ಲ.