ಯಂತ್ರಬುದ್ಧಿಯೂ ನಮ್ಮ ಬಾಲಿಕೆಯರೂ

ಕೃತಕ ಬುದ್ಧಿಮತ್ತೆಯನ್ನು ಶಾಲೆಯ ಬಾಗಿಲಲ್ಲೇ ತಡೆಯಬೇಕೆಂದು ಕೆಲವು ತಂದೆತಾಯಿಗಳು ಹೇಳುವುದುಂಟು. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆನು. 2022ನೆಯ ಇಸವಿಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದಂದಿನಿಂದ ಅದು ಮನೆಯ ಫೋನಿನೊಳಗೇ ಬಂದು ಕುಳಿತಿರಲು, ಬಾಗಿಲು ಹಾಕಿ ಫಲವೇನು? ಆದರೆ ಅದರ ಸ್ವಭಾವವನ್ನು ಬಾಲಿಕೆಯರು ಅರಿತಿರತಕ್ಕದ್ದು. ತಾನು ಕಲಿತ ಅಪಾರ ಬರಹದ ಆಧಾರದಿಂದ, ಮುಂದೆ ಯಾವ ಪದ ಬರಬಹುದೆಂದು ಎಣಿಸಿ ಅದು ವಾಕ್ಯವನ್ನು ಹೆಣೆಯುವುದು. ಆದುದರಿಂದಲೇ ಇಲ್ಲದ ಗ್ರಂಥವನ್ನೂ ಇದೆಯೆಂದು ಧೈರ್ಯವಾಗಿ ಹೇಳಿಬಿಡುವುದುಂಟು. ಇಂಗ್ಲಿಷಿಗೆ ಹೋಲಿಸಿದರೆ ಅದಕ್ಕೆ ದೊರೆತ ಕನ್ನಡದ ಬರಹವು ಬಹು ಸ್ವಲ್ಪ. ನಮ್ಮ ನುಡಿಯಲ್ಲಿ ಎಚ್ಚರವು ಇಮ್ಮಡಿಯಾಗಬೇಕು. ಅದು ಕೊಟ್ಟ ಪದಾರ್ಥವನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನೊಡನೆ ಹೋಲಿಸಿ ನೋಡಲಿ. (ಆ ಮಹನೀಯರು ಪಟ್ಟ ಶ್ರಮವೂ ಆಗ ತಿಳಿದೀತು.)

ಪ್ರಬಂಧವನ್ನು ಮೊದಲು ಹುಡುಗಿಯೇ ಬರೆಯಲಿ, ಬಳಿಕ ಯಂತ್ರವು ತಪ್ಪನ್ನು ತೋರಿಸಲಿ. ಪಡೆದ ಸಹಾಯವನ್ನು ಕೆಳಗೆ ಬರೆದು ತಿಳಿಸಲಿ. ತರಗತಿಯಲ್ಲಿ ಇದರ ಬಳಕೆಗೆ 13 ವರ್ಷದ ಮಿತಿಯಿರಬೇಕೆಂದು ಯುನೆಸ್ಕೋ 2023ರಲ್ಲಿ ಸೂಚಿಸಿತು. ನಮ್ಮ ಕೆಳತರಗತಿಗಳಿಗೆ ಅದೇ ಯುಕ್ತವಾದುದು. ಇನ್ನು, ಹುಡುಗಿಯರ ಭಾವಚಿತ್ರ, ಮನೆಯ ವಿಳಾಸ ಮುಂತಾದವನ್ನು ಅದಕ್ಕೆ ಒಪ್ಪಿಸಲೇಕೂಡದು. ಈ ವಿಷಯದಲ್ಲಿ ಶಾಲೆಗಿಂತ ಮನೆಯ ಕಾವಲೇ ಹೆಚ್ಚು ಬೇಕಾಗಿದೆ. ಸಂಜೆಯ ಮೇಲೆ ಫೋನಿರುವುದು ಮನೆಯಲ್ಲಿಯೇ ಅಲ್ಲವೇ?